ಪೈಲಟ್ ಆಗಲು ಯಾವ ಕಾಲೇಜು?

ಪಿಯುಸಿ ಫಲಿತಾಂಶ ಬಂದ ವಾರ ಬಳ್ಳಾರಿಯಲ್ಲಿ ಎಲ್ಲಿ ನಿಂತರೂ ಸೀಟಿನದೇ ಮಾತು. ವಿಮ್ಸ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕೀತೇ, ಬಿಐಟಿಎಂ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಎಷ್ಟರ ರ‍್ಯಾಂಕ್ ಬೇಕು, ಅಲ್ಲಿ ಆಗದಿದ್ದರೆ ಬೆಂಗಳೂರೋ ಹೈದರಾಬಾದೋ. ಕೆಲವು ವರ್ಷಗಳಿಂದ ಈ ಮಾತುಗಳ ನಡುವೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಕೇಳುವವರು ಸಿರುಗುಪ್ಪದಲ್ಲಿ ನೀರಾವರಿ ಗದ್ದೆ ಇರುವವರು, ಕುರುಗೋಡು ಕಡೆಯ ಮೆಣಸಿನಕಾಯಿ ಬೆಳೆಗಾರರು, ಬಳ್ಳಾರಿಯ ಜೀನ್ಸ್ ವ್ಯಾಪಾರಿಗಳು. “ಸರ್, ಹುಡುಗನ್ನ ಪೈಲಟ್ ಓದಿಸಬೇಕಂತ ಮಾಡೀವಿ. ಯಾವ ಕಾಲೇಜು ಚಲೋ ಐತೆ?”

ಇದಕ್ಕೆ ನಿಜವಾದ ಉತ್ತರ ಹೇಳಿದರೆ ಬಹಳ ಮಂದಿ ನಂಬುವುದಿಲ್ಲ. ನಮ್ಮ ದೇಶದಲ್ಲಿ ಪೈಲಟ್ ಆಗಲು ಯಾವ ಕಾಲೇಜಿನ ಪದವಿಯೂ ಬೇಕಿಲ್ಲ. ಬೇಕಾದದ್ದು ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್. ಅದನ್ನು ಕೊಡುವುದು ವಿಶ್ವವಿದ್ಯಾಲಯವಲ್ಲ, ದೆಹಲಿಯಲ್ಲಿರುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಎಲ್ಲರ ಬಾಯಲ್ಲಿ ಡಿಜಿಸಿಎ. ಹನ್ನೆರಡನೇ ತರಗತಿ ಪಾಸಾಗಿರಬೇಕು, ಅದರಲ್ಲಿ ಭೌತವಿಜ್ಞಾನ ಮತ್ತು ಗಣಿತ ಇರಬೇಕು, ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ 18 ತುಂಬಿರಬೇಕು. ಕಾಮರ್ಸ್ ಓದಿದವರು ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ಈ ಎರಡು ವಿಷಯಗಳನ್ನು ಮಾತ್ರ ಬರೆದು ಸೇರಿಕೊಳ್ಳುವುದೂ ಉಂಟು. ಭೌತವಿಜ್ಞಾನ–ಗಣಿತದ ಈ ಷರತ್ತನ್ನೇ ಕೈಬಿಡುವ ಪ್ರಸ್ತಾಪ 2025ರಲ್ಲಿ ಬಂತು. ಷರತ್ತು ಇರಲಿ, ಹೋಗಲಿ, ಆ ಎರಡು ವಿಷಯ ಅರ್ಥವಾಗದೆ ಕಾಕ್‌ಪಿಟ್‌ನಲ್ಲಿ ಕೂರುವುದು ಕಷ್ಟ.

ಹಾಗಾದರೆ ಬಿಬಿಎ ಏವಿಯೇಷನ್, ಬಿಎಸ್‌ಸಿ ಏವಿಯೇಷನ್ ಎಂದು ಬಣ್ಣದ ಬ್ರೋಷರ್‌ಗಳಲ್ಲಿ ಬರುವುದೇನು? ಅವು ವಿಮಾನ ನಿಲ್ದಾಣದ ಆಡಳಿತ, ಟಿಕೆಟ್, ಸರಕು ಸಾಗಣೆ, ಗ್ರಾಹಕ ಸೇವೆ ಕಲಿಸುವ ಪದವಿಗಳು. ಕೆಟ್ಟವೇನಲ್ಲ. ಆದರೆ ಮುಖಪುಟದಲ್ಲಿ ನಾಲ್ಕು ಪಟ್ಟಿಯ ಭುಜಕೀರ್ತಿ ತೊಟ್ಟ ಕ್ಯಾಪ್ಟನ್ ಚಿತ್ರ ಹಾಕಿ, ಒಳಗೆ ಸಣ್ಣಕ್ಷರದಲ್ಲಿ ‘ಹಾರಾಟ ತರಬೇತಿ ಪ್ರತ್ಯೇಕ’ ಎಂದು ಬರೆದರೆ ಅದಕ್ಕೆ ಏನೆನ್ನಬೇಕು? ಮೂರು ವರ್ಷ ಫೀಸು ಕಟ್ಟಿ ಹೊರಬಂದ ಮೇಲೂ ಹುಡುಗ ಒಂದು ಗಂಟೆ ಹಾರಿರುವುದಿಲ್ಲ. ಕೆಲವು ಸಂಸ್ಥೆಗಳು ಫ್ಲೈಯಿಂಗ್ ಸ್ಕೂಲ್ ಜೊತೆ ಒಪ್ಪಂದ ಮಾಡಿಕೊಂಡು ಪದವಿಯನ್ನೂ ಲೈಸೆನ್ಸನ್ನೂ ಜೋಡಿಸಿ ಕೊಡುತ್ತವೆ. ಅಲ್ಲಿಯೂ ಎರಡರ ಹಣ ಬೇರೆ, ಎರಡರ ಪರೀಕ್ಷೆ ಬೇರೆ. ಪದವಿ ಇದ್ದರೆ ನಾಳೆ ಕಣ್ಣೋ ಹೃದಯವೋ ಕೈಕೊಟ್ಟಾಗ ಬೇರೊಂದು ನೌಕರಿಗೆ ಆಧಾರ. ಅಷ್ಟರಮಟ್ಟಿಗೆ ಅದು ವಿಮೆ.

ವಿಮಾನ ನಮ್ಮೂರಿಗೆ ಹೊಸದು ಎಂದುಕೊಳ್ಳುವವರಿಗೆ ಒಂದು ಹಳೆಯ ಸಂಗತಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಟಪಾಲು ಹೊತ್ತ ಪುಸ್ ಮಾತ್ ವಿಮಾನ ಹಾರಿಸಿಕೊಂಡು ಬಂದರು. ಭಾರತದ ವಿಮಾನಯಾನ ಸೇವೆಯ ಕಥೆ ಶುರುವಾಗುವುದೇ ಅಲ್ಲಿಂದ. ಆ ಟಪಾಲು ಮುಂಬೈಯಲ್ಲಿ ನಿಲ್ಲಲಿಲ್ಲ. ಬ್ರಿಟನ್ನಿನ ವಾಯುಪಡೆಯಲ್ಲಿದ್ದು ಬಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು. ದಾರಿಯಲ್ಲಿ ಇಳಿದು ತಂಗಿದ ಊರು ಬಳ್ಳಾರಿ. ಒಂದೇ ಎಂಜಿನ್‌ನ ಆ ಪುಟ್ಟ ವಿಮಾನಕ್ಕೆ ಮುಂಬೈ–ಮದ್ರಾಸು ಒಂದೇ ಉಸಿರಿನ ದಾರಿಯಾಗಿರಲಿಲ್ಲ, ಬಳ್ಳಾರಿ ನಡುವೆ ಸಿಕ್ಕಿತು. ಜೆಆರ್‌ಡಿ ಅದಕ್ಕೂ ಮೂರು ವರ್ಷ ಮೊದಲು, 1929ರ ಫೆಬ್ರುವರಿ 10ರಂದು, ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಪಡೆದಿದ್ದರು. ಅವರೂ ಕಲಿತದ್ದು ಕಾಲೇಜಿನಲ್ಲಲ್ಲ, ಬಾಂಬೆ ಫ್ಲೈಯಿಂಗ್ ಕ್ಲಬ್‌ನಲ್ಲಿ. ಈಗಿನ ಬಹಳ ಶಾಲೆಗಳ ಹೆಸರಲ್ಲಿ ಕ್ಲಬ್ ಹೋಗಿ ಅಕಾಡೆಮಿ ಬಂದಿದೆ. ಹಾರಿ ಕಲಿಯುವ ಪದ್ಧತಿ ಅಂದಿನದೇ.

ಮೊದಲು ಕಣ್ಣು, ಆಮೇಲೆ ಕನಸು

ಈ ದಾರಿಯ ಮೊದಲ ಬಾಗಿಲು ವೈದ್ಯಕೀಯ ಪರೀಕ್ಷೆ. ನಮ್ಮಲ್ಲಿ ಇದನ್ನೇ ಕೊನೆಗೆ ಇಟ್ಟುಕೊಳ್ಳುತ್ತಾರೆ. ಏಜೆಂಟ್ ಜೊತೆ ಮಾತಾಗಿ, ಅಡ್ವಾನ್ಸ್ ಕೊಟ್ಟು, ಊರೆಲ್ಲ ಸಿಹಿ ಹಂಚಿ ಆದಮೇಲೆ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ಮುಂದಿಡುತ್ತಾರೆ. ಚುಕ್ಕೆಗಳ ನಡುವೆ ಹುದುಗಿದ ಅಂಕಿ ಹುಡುಗನಿಗೆ ಕಾಣುವುದಿಲ್ಲ. ಬಣ್ಣಗುರುಡು ಹುಟ್ಟಿನಿಂದ ಬರುವ ದೋಷ, ಗಂಡುಮಕ್ಕಳಲ್ಲೇ ಹೆಚ್ಚು. ಹದಿನೆಂಟು ವರ್ಷ ಅದು ಮನೆಯವರಿಗೂ ಗೊತ್ತಾಗದೆ ಇರಬಹುದು. ಸಂತೆಯಲ್ಲಿ ಹಣ್ಣು ಮೆಣಸಿನಕಾಯಿ ಆರಿಸುವಾಗ ‘ಇವನಿಗೆ ಗಮನ ಇಲ್ಲ’ ಎಂದು ಬೈದಿರುತ್ತಾರೆ ಅಷ್ಟೆ. ರನ್‌ವೇಯ ದೀಪಗಳು ಬಣ್ಣದಲ್ಲೇ ಮಾತಾಡುತ್ತವೆ. ಇಳಿಯುವ ದಾರಿಯಲ್ಲಿ ಬಿಳಿ ಮಾತ್ರ ಕಂಡರೆ ನೀವು ಹೆಚ್ಚು ಎತ್ತರದಲ್ಲಿದ್ದೀರಿ, ಕೆಂಪು ಮಾತ್ರ ಕಂಡರೆ ತೀರ ಕೆಳಗಿದ್ದೀರಿ. ಈ ಭೇದ ಕಾಣದವರಿಗೆ ವಿನಾಯಿತಿ ಕೊಡಲಾಗದು.

ಪರೀಕ್ಷೆ ಎರಡು ಹಂತದ್ದು. ಮೊದಲು ಕ್ಲಾಸ್–2. ಇದನ್ನು ಡಿಜಿಸಿಎ ಮಾನ್ಯ ಮಾಡಿದ ವೈದ್ಯರೇ ಮಾಡಬೇಕು. ಬೆಂಗಳೂರು, ಹೈದರಾಬಾದಿನಂಥ ನಗರಗಳಲ್ಲಿ ಇದ್ದಾರೆ. ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದದ್ದು ಇನ್ನೂ ಬಿಗಿಯಾದ ಕ್ಲಾಸ್–1. ಅದನ್ನು ಮಾಡುವ ಕೇಂದ್ರಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೊಸ್ಪೇಸ್ ಮೆಡಿಸಿನ್ ಒಂದು. ಕಿವಿ, ರಕ್ತದೊತ್ತಡ, ಇಸಿಜಿ, ಎದೆಯ ಎಕ್ಸ್‌ರೇ, ರಕ್ತ–ಮೂತ್ರ ಎಲ್ಲ ನೋಡುತ್ತಾರೆ. ಕನ್ನಡಕ ಇದ್ದರೆ ಪೈಲಟ್ ಆಗಲು ಬಾರದು ಎಂಬುದು ನಮ್ಮ ಕಡೆ ಗಟ್ಟಿಯಾಗಿ ಕೂತ ತಪ್ಪು ತಿಳಿವಳಿಕೆ. ಕನ್ನಡಕ ಹಾಕಿ ದೃಷ್ಟಿ ಸರಿಹೋಗುವುದಾದರೆ, ಮಿತಿಯೊಳಗಿದ್ದರೆ, ನಾಗರಿಕ ವಿಮಾನಯಾನದಲ್ಲಿ ಅಡ್ಡಿಯಿಲ್ಲ. ಕನ್ನಡಕದ ಭಯಕ್ಕೆ ಆಸೆ ಬಿಟ್ಟ ಹೆಣ್ಣುಮಕ್ಕಳು ಎಷ್ಟೋ. 2023ರಲ್ಲಿ ಡಿಜಿಸಿಎ 1,622 ಕಮರ್ಷಿಯಲ್ ಲೈಸೆನ್ಸ್ ಕೊಟ್ಟಿತು, ಅದರಲ್ಲಿ ಸುಮಾರು ಶೇ 18 ಹೆಣ್ಣುಮಕ್ಕಳದು. ಎಂಜಿನಿಯರಿಂಗ್ ಕಾಲೇಜು ತೋರಿಸಿ ಹೆಮ್ಮೆಪಡುವ ಅಪ್ಪಂದಿರು ಈ ಅಂಕಿಯನ್ನೂ ನೋಡಬೇಕು.

ಪುಸ್ತಕದ ಪಾಠ, ಬಳ್ಳಾರಿಯ ಲೆಕ್ಕ

ವೈದ್ಯಕೀಯ ದಾಟಿದ ಮೇಲೆ ಪುಸ್ತಕ. ಏರ್ ನ್ಯಾವಿಗೇಷನ್, ಹವಾಮಾನ, ವಿಮಾನಯಾನ ನಿಯಮಗಳು, ಎಲ್ಲ ವಿಮಾನಗಳಿಗೂ ಅನ್ವಯಿಸುವ ತಾಂತ್ರಿಕ ವಿಷಯ ಒಂದು, ತಾವು ಹಾರಿಸುವ ಮಾದರಿಯದು ಇನ್ನೊಂದು. ಪಾಸಾಗಲು ನೂರಕ್ಕೆ 70 ಅಂಕ. ಕಡಿಮೆ ಅಂಕಕ್ಕೆ ಪಾಸಾಗಿ ಬಂದವರಿಗೆ ಇದು ಮೊದಲ ಪೆಟ್ಟು. ಇದರ ಜೊತೆ ರೇಡಿಯೊದಲ್ಲಿ ಮಾತಾಡುವ ಅನುಮತಿ ಪತ್ರದ ಪರೀಕ್ಷೆ. ಎಲ್ಲರೂ ಆರ್‌ಟಿಆರ್ ಅನ್ನುತ್ತಾರೆ. ಇದು ಮೊದಲು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು, 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದ ನಂತರ ಡಿಜಿಸಿಎಗೆ ಬಂದಿದೆ.

ಈ ವಿಷಯಗಳು ಹೆಸರಿನಷ್ಟು ದೊಡ್ಡ ಭೂತಗಳೇನಲ್ಲ. ನ್ಯಾವಿಗೇಷನ್ನನ್ನೇ ತೆಗೆದುಕೊಳ್ಳಿ. ನಕ್ಷೆಯಲ್ಲಿ ಸಿರುಗುಪ್ಪ ಬಳ್ಳಾರಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ, ಹಕ್ಕಿ ಹಾರುವ ದಾರಿಯಲ್ಲಿ 54 ಕಿ.ಮೀ. ಆಸುಪಾಸು. ತರಬೇತಿಯ ಸಣ್ಣ ವಿಮಾನ 100 ನಾಟ್, ಅಂದರೆ ಗಂಟೆಗೆ 185 ಕಿ.ಮೀ. ವೇಗದಲ್ಲಿ ಹೋಗುತ್ತದೆಂದುಕೊಳ್ಳಿ. ಬಸ್ಸು ಒಂದು ಗಂಟೆಗಿಂತ ಹೆಚ್ಚು ಹಿಡಿಯುವ ದಾರಿ ಹದಿನೆಂಟು ನಿಮಿಷಕ್ಕೆ ಮುಗಿಯಿತು. ದಿಕ್ಸೂಚಿಯಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೆ? ಅರವತ್ತು ಕಿ.ಮೀ.ಗೆ ಒಂದು ಕಿ.ಮೀ. ಪಕ್ಕಕ್ಕೆ ಸರಿಯುತ್ತೀರಿ ಎಂಬುದು ಪೈಲಟ್‌ಗಳ ಬಾಯಿಪಾಠದ ಲೆಕ್ಕ. ಸಿರುಗುಪ್ಪಕ್ಕೆ ಹೋದಾಗ ಊರು ಸುಮಾರು ಒಂದು ಕಿ.ಮೀ. ಪಕ್ಕದಲ್ಲಿರುತ್ತದೆ, ಕಿಟಕಿಯಿಂದ ಕಾಣುತ್ತದೆ, ತೊಂದರೆಯಿಲ್ಲ.

ಗಾಳಿ ಸೇರಿದಾಗ ಲೆಕ್ಕ ಬದಲಾಗುತ್ತದೆ. ಆಷಾಢದಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆಂದು ಬಳ್ಳಾರಿಯವರಿಗೆ ಹೇಳಿಕೊಡಬೇಕಿಲ್ಲ. ಆ ಗಾಳಿ 20 ನಾಟ್ ವೇಗದಲ್ಲಿ ಎಡಗಡೆಯಿಂದ ತಳ್ಳುತ್ತಿದ್ದು, ನೀವು ಮೂಗನ್ನು ಉತ್ತರಕ್ಕೇ ಇಟ್ಟು ಹೋದರೆ, ಹದಿನೆಂಟು ನಿಮಿಷದ ಕೊನೆಗೆ ಸಿರುಗುಪ್ಪದಿಂದ ಹತ್ತು ಹನ್ನೊಂದು ಕಿ.ಮೀ. ಪೂರ್ವಕ್ಕೆ, ಹಗರಿ ಹೊಳೆಯ ಸೀಮೆಯ ಕಡೆ ಇರುತ್ತೀರಿ. ಕೆಳಗೆ ಎಲ್ಲೆಲ್ಲೂ ಒಂದೇ ಥರದ ಗದ್ದೆ, ಒಂದೇ ಥರದ ಕಾಲುವೆ. ಹಾಗಾಗದಂತೆ ಹೊರಡುವಾಗಲೇ ಮೂಗನ್ನು ಸುಮಾರು ಹನ್ನೊಂದೂವರೆ ಡಿಗ್ರಿ ಗಾಳಿಯ ಕಡೆಗೆ ತಿರುಗಿಸಿಕೊಳ್ಳಬೇಕು. ವಿಮಾನ ಓರೆಯಾಗಿ ನೋಡುತ್ತ ನೇರವಾಗಿ ಹೋಗುತ್ತದೆ. ಇಷ್ಟಕ್ಕೆ ಬೇಕಾದ ಗಣಿತ ಪಿಯುಸಿಯ ತ್ರಿಕೋನಮಿತಿ ಮತ್ತು ಸದಿಶಗಳ ಪಾಠ. ‘ಇದನ್ನ ಓದಿ ಏನಾಗಬೇಕ್ರೀ’ ಎಂದು ಕೇಳುವ ಹುಡುಗರಿಗೆ ಉತ್ತರ ಇಲ್ಲಿದೆ.

ಹವಾಮಾನ ಇನ್ನೂ ಸ್ವಾರಸ್ಯದ್ದು. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ನಗೆಯಾಡುತ್ತಾರೆ. ವಿಮಾನಕ್ಕೆ ಅದು ನಗೆಯ ವಿಷಯವಲ್ಲ. ಬಿಸಿಯಾದ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ, ಪ್ರೊಪೆಲರ್‌ಗೆ ಹಿಡಿತ ಕಡಿಮೆ. ನಮ್ಮ ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 500 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಇದ್ದಾಗ ಲೆಕ್ಕ ಹಾಕಿದರೆ ವಿಮಾನದ ಪಾಲಿಗೆ ಅದು 1,500 ಮೀಟರ್ ಎತ್ತರದ ಗಾಳಿ. ಅಂದರೆ ಬಯಲುಸೀಮೆಯ ರನ್‌ವೇಯಲ್ಲಿ ನಿಂತ ವಿಮಾನ ಕೆಮ್ಮಣ್ಣುಗುಂಡಿಯ ಎತ್ತರದಿಂದ ಏಳುತ್ತಿರುವಂತೆ ವರ್ತಿಸುತ್ತದೆ. ಓಡಬೇಕಾದ ದೂರ ಹೆಚ್ಚು, ಏರುವ ವೇಗ ಕಡಿಮೆ. ಕಾದ ನೆಲದಿಂದ ಎದ್ದ ಗಾಳಿ ಸಣ್ಣ ವಿಮಾನವನ್ನು ಕುಲುಕಿ ಇಡುತ್ತದೆ, ಅದು ಬೇರೆ. ದಕ್ಷಿಣ ಭಾರತದ ಒಳನಾಡಿನ ಫ್ಲೈಯಿಂಗ್ ಸ್ಕೂಲ್‌ಗಳಲ್ಲಿ ಹೊಸಬರ ಪಾಠ ಬೆಳಗಿನ ಜಾವಕ್ಕೇ ಶುರುವಾಗುವುದು ಇದಕ್ಕೇ. ಹೊಲಕ್ಕೆ ನೀರು ಕಟ್ಟಲು ನಸುಕಿನಲ್ಲಿ ಎದ್ದು ರೂಢಿಯಿರುವ ಮನೆಯ ಮಕ್ಕಳಿಗೆ ಅಷ್ಟು ಮಾತ್ರ ಸಲೀಸು.

ಇಂಗ್ಲಿಷ್ ಬಗ್ಗೆ ಒಂದು ಮಾತು. ಪರೀಕ್ಷೆ ಇಂಗ್ಲಿಷಿನಲ್ಲಿ, ರೇಡಿಯೊ ಸಂಭಾಷಣೆಯೂ ಇಂಗ್ಲಿಷಿನಲ್ಲಿ, ಭಾಷಾ ಸಾಮರ್ಥ್ಯಕ್ಕೂ ಒಂದು ಪರೀಕ್ಷೆ ಇದೆ, ಆರು ಮಟ್ಟಗಳಲ್ಲಿ ಕನಿಷ್ಠ ನಾಲ್ಕನೆಯದು ಬರಬೇಕು. ತೆಕ್ಕಲಕೋಟೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಎದೆ ನಡುಗಿಸುತ್ತದೆ. ಆದರೆ ವಿಮಾನದ ಇಂಗ್ಲಿಷ್ ಕಚೇರಿಯ ಇಂಗ್ಲಿಷ್ ಅಲ್ಲ. ಕೆಲವು ನೂರು ನಿಗದಿತ ಪದಗುಚ್ಛಗಳು, ಅಂಕಿಗಳನ್ನು ಒಂದೊಂದಾಗಿ ಹೇಳುವ ಕ್ರಮ, ಕೇಳಿದ್ದನ್ನು ಹಾಗೇ ತಿರುಗಿ ಹೇಳುವ ಶಿಸ್ತು. ಉಚ್ಚಾರಣೆ ಲಂಡನ್ನಿನದಾಗಬೇಕಿಲ್ಲ, ಸ್ಪಷ್ಟವಾಗಿರಬೇಕು. ಒಂದು ವರ್ಷ ದಿನವೂ ಬಾಯಿಬಿಟ್ಟು ಓದಿದರೆ ಬರುತ್ತದೆ.

ಇನ್ನೂರು ಗಂಟೆ

ಈಗ ಹಾರಾಟ. ಫ್ಲೈಯಿಂಗ್ ಸ್ಕೂಲ್ ಸೇರಿದವರಿಗೆ ಮೊದಲು ಸಿಗುವುದು ವಿದ್ಯಾರ್ಥಿ ಪೈಲಟ್ ಲೈಸೆನ್ಸ್. ಸೆಸ್ನಾ 152, ಸೆಸ್ನಾ 172, ಡೈಮಂಡ್ ಡಿಎ–40 ಇವುಗಳಲ್ಲೊಂದರಲ್ಲಿ ಪಕ್ಕಪಕ್ಕದ ಎರಡು ಸೀಟು, ಎರಡು ಕಡೆಯೂ ನಿಯಂತ್ರಣ. ಎದ್ದು, ಸುತ್ತು ಹಾಕಿ, ಇಳಿದು, ಮತ್ತೆ ಏಳುವುದು, ದಿನವೂ ಅದೇ. ಒಂದು ಬೆಳಿಗ್ಗೆ ಶಿಕ್ಷಕರು ಇದ್ದಕ್ಕಿದ್ದಂತೆ ಬೆಲ್ಟ್ ಬಿಚ್ಚಿ ಇಳಿದು, ‘ಒಂದು ಸುತ್ತು ನೀನೇ ಹೋಗಿ ಬಾ’ ಅನ್ನುತ್ತಾರೆ. ಅದು ಮೊದಲ ಸೋಲೊ. ಪಕ್ಕದ ಸೀಟಿನ ತೂಕ ಇಲ್ಲದ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ. ಇಳಿದು ಬಂದವರ ತಲೆಯ ಮೇಲೆ ಗೆಳೆಯರು ಬಕೆಟ್ ನೀರು ಸುರಿಯುವುದು ಫ್ಲೈಯಿಂಗ್ ಸ್ಕೂಲ್‌ಗಳ ಸಂಪ್ರದಾಯ.

ಲೈಸೆನ್ಸ್‌ಗೆ ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾವೇ ವಿಮಾನದ ಹೊಣೆ ಹೊತ್ತು ಹಾರಿದ್ದಾಗಿರಬೇಕು. ಅದರೊಳಗೆ ಊರಿಂದೂರಿಗೆ 20 ಗಂಟೆ, ಒಮ್ಮೆಯಾದರೂ 300 ನಾಟಿಕಲ್ ಮೈಲಿ, ಅಂದರೆ ಸುಮಾರು 556 ಕಿ.ಮೀ. ಪ್ರಯಾಣ, ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಪೂರ್ತಿ ಇಳಿದು ನಿಂತು ಹೊರಡಬೇಕು. ಕಲಬುರಗಿಯಿಂದ ಹುಬ್ಬಳ್ಳಿ, ಅಲ್ಲಿಂದ ಬೆಳಗಾವಿ, ಮರಳಿ ಕಲಬುರಗಿಗೆ ಬಂದರೆ ಈ ಲೆಕ್ಕ ತುಂಬುತ್ತದೆ, ಮೇಲೆ ಇನ್ನೂ ನೂರು ಕಿ.ಮೀ. ಉಳಿಯುತ್ತದೆ. ರಾತ್ರಿ ಹಾರಾಟ ಬೇರೆ, ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ ಹಾರುವ ಗಂಟೆಗಳು ಬೇರೆ. ವಿಮಾನಯಾನ ಕಂಪನಿಯ ಬಾಗಿಲು ತಟ್ಟಬೇಕಾದರೆ ಎರಡು ಎಂಜಿನ್‌ನ ವಿಮಾನದ ಮೇಲೂ ಕೈ ಕೂತಿರಬೇಕು.

ದುಡ್ಡಿನ ವಿಷಯ ಮುಚ್ಚಿಟ್ಟು ಪ್ರಯೋಜನವಿಲ್ಲ. ದೇಶದೊಳಗೆ ಈ ತರಬೇತಿಗೆ ಈಗ 40 ಲಕ್ಷ ರೂಪಾಯಿಗಿಂತ ಕಡಿಮೆ ಎಂದು ಹೇಳುವವರನ್ನು ಅನುಮಾನದಿಂದಲೇ ನೋಡಬೇಕು. ವಸತಿ, ಪರೀಕ್ಷಾ ಶುಲ್ಕ, ತಪ್ಪಿದ ಪರೀಕ್ಷೆಗಳು ಸೇರಿ 60 ಲಕ್ಷ ಮುಟ್ಟುವುದು ಹೊಸದಲ್ಲ. ನಲವತ್ತು ಲಕ್ಷವನ್ನು ಇನ್ನೂರು ಗಂಟೆಗೆ ಭಾಗಿಸಿದರೆ ಗಂಟೆಗೆ 20 ಸಾವಿರ. ಇಷ್ಟಾದ ಮೇಲೂ ಕೈಯಲ್ಲಿರುವುದು ಸಣ್ಣ ವಿಮಾನದ ಲೈಸೆನ್ಸ್. ಏರ್‌ಬಸ್ 320 ಅಥವಾ ಬೋಯಿಂಗ್ 737ರಲ್ಲಿ ಕೂರಲು ಆ ಮಾದರಿಗೇ ಮೀಸಲಾದ ಟೈಪ್ ರೇಟಿಂಗ್ ಬೇಕು, ಅದಕ್ಕೆ ಮತ್ತೆ ಹತ್ತು–ಹದಿನೈದು ಲಕ್ಷದ ಮೇಲೆ. ವಿದೇಶಕ್ಕೆ ಹೋಗಿ ಬೇಗ ಮುಗಿಸಿ ಬಂದವರೂ ಇಲ್ಲಿ ಡಿಜಿಸಿಎ ಪರೀಕ್ಷೆ ಬರೆದು ಲೈಸೆನ್ಸ್ ಬದಲಿಸಿಕೊಳ್ಳಲೇಬೇಕು. ಬ್ರೋಷರ್‌ಗಳು ಈ ಸಾಲನ್ನು ಮರೆಯುತ್ತವೆ.

ಬ್ಯಾಂಕು ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುತ್ತದೆ. ಅರವತ್ತು ಲಕ್ಷ ಸಾಲಕ್ಕೆ ಶೇ 10.5ರ ಬಡ್ಡಿ, ಹತ್ತು ವರ್ಷದ ಅವಧಿ ಹಿಡಿದರೆ ತಿಂಗಳ ಕಂತು ಸುಮಾರು 81 ಸಾವಿರ. ತರಬೇತಿಯ ಕಾಲದಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಇಲ್ಲಿಯೇ ಗದ್ದೆಯ ಮಾತು ಬರುತ್ತದೆ. ಕಾಲುವೆ ನೀರು ಬರುವ ಎರಡು ಮೂರು ಎಕರೆ ಮಾರಿದರೆ ಆಯಿತು ಎನ್ನುವ ಧೈರ್ಯ ಸಿರುಗುಪ್ಪ ಸೀಮೆಯಲ್ಲಿದೆ. ಆ ಧೈರ್ಯದ ವಾಸನೆ ಹಿಡಿದೇ ಏಜೆಂಟರು ಬಳ್ಳಾರಿಗೆ ಬಂದು ಹೋಟೆಲುಗಳಲ್ಲಿ ಸೆಮಿನಾರ್ ಮಾಡುತ್ತಾರೆ.

ನೌಕರಿಯ ಗಾಳಿಯೂ ಒಂದೇ ದಿಕ್ಕಿಗೆ ಬೀಸುವುದಿಲ್ಲ. 2012ರಲ್ಲಿ ಕಿಂಗ್‌ಫಿಷರ್ ನಿಂತಿತು, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಒಂದೊಂದು ಕಂಪನಿ ಮುಚ್ಚಿದಾಗಲೂ ಅನುಭವಿ ಪೈಲಟ್‌ಗಳು ಮಾರುಕಟ್ಟೆಗೆ ಬಂದರು, ಹೊಸ ಲೈಸೆನ್ಸ್ ಹಿಡಿದ ಮಕ್ಕಳು ಸರದಿಯ ಕೊನೆಗೆ ಹೋದರು. ಇನ್ನೊಂದು ಕಡೆ, 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ತಯಾರಿ ಇಲ್ಲದೆ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿ ಇಡೀ ದೇಶವನ್ನು ನಿಲ್ದಾಣಗಳಲ್ಲಿ ಕೂರಿಸಿತು. ಪೈಲಟ್ ಬೇಕು ಎಂಬುದೂ ನಿಜ, ಲೈಸೆನ್ಸ್ ಇಟ್ಟುಕೊಂಡು ಮನೆಯಲ್ಲಿ ಕೂತವರಿದ್ದಾರೆ ಎಂಬುದೂ ನಿಜ. ಲೈಸೆನ್ಸ್ ಸಿಕ್ಕ ಮರುದಿನವೇ ಸಂಬಳ ಎಂದು ಕಂತಿನ ಲೆಕ್ಕ ಹಾಕಬಾರದು.

ಎಲ್ಲಿಗೆ ಹೋಗಬೇಕು?

ಕರ್ನಾಟಕದ ಹಾರಾಟ ತರಬೇತಿಯಲ್ಲಿ ಹಳೆಯ ಹೆಸರು ಜಕ್ಕೂರು. ಬೆಂಗಳೂರಿನ ಆ ಏರೊಡ್ರೋಮ್‌ನಲ್ಲಿ 1949ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗೆ ಜಾಗ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಒಂದು ರಾಜ್ಯ ಸರ್ಕಾರ ತನ್ನ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಹಾರಲು ಕಲಿಸುವ ಶಾಲೆ ಇಟ್ಟುಕೊಂಡದ್ದು ಹೆಮ್ಮೆಯ ಮಾತು. ಆ ಶಾಲೆಯಲ್ಲಿ ಶಿಕ್ಷಕರಿಲ್ಲ, ವಿಮಾನ ದುರಸ್ತಿಯಾಗಿಲ್ಲ ಎಂದು ವರ್ಷಗಟ್ಟಲೆ ಹಾರಾಟವೇ ನಿಂತು, ಪಕ್ಕದ ಹೆದ್ದಾರಿಯ ಮೇಲ್ಸೇತುವೆ ರನ್‌ವೇಯ ಬಳಕೆಗೇ ಅಡ್ಡಬಂದದ್ದು ನಾಚಿಕೆಯ ಮಾತು. ಮೀಸಲು ಸೀಟು, ಶುಲ್ಕ ವಿನಾಯಿತಿ ಹುಡುಕುವವರು ಈಗಲೂ ಮೊದಲು ವಿಚಾರಿಸಬೇಕಾದ ಜಾಗ ಅದೇ. ಎಷ್ಟು ವಿಮಾನ ಹಾರುತ್ತಿವೆ ಎಂದು ಹೋಗಿ ಕಣ್ಣಾರೆ ನೋಡಿಯೇ ಸೇರಬೇಕು.

ಕೇಂದ್ರ ಸರ್ಕಾರದ್ದು ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ. ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದು ಹೋಗಬೇಕು, ಹೆಸರು ಗಟ್ಟಿ. ನಮಗೆ ಹತ್ತಿರದ್ದೆಂದರೆ ಕಲಬುರಗಿ. 2019ರ ನವೆಂಬರ್‌ನಲ್ಲಿ ತೆರೆದ ಅಲ್ಲಿನ ನಿಲ್ದಾಣದ ರನ್‌ವೇ 3 ಕಿ.ಮೀ. ಮೀರಿದ್ದು, ಪ್ರಯಾಣಿಕ ವಿಮಾನಗಳ ದಟ್ಟಣೆ ಕಡಿಮೆ. ತರಬೇತಿಗೆ ಇದಕ್ಕಿಂತ ಅನುಕೂಲ ಯಾವುದು? 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಜಾಗ ಕೊಟ್ಟಾಗ ಅವುಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಇದ್ದವು. ಹೈದರಾಬಾದ್ ದಾರಿ ರೂಢಿಯಿದ್ದವರಿಗೆ ಬೇಗಂಪೇಟೆಯೂ ಇದೆ.

ಶಾಲೆ ಆರಿಸುವಾಗ ಕಟ್ಟಡ ನೋಡಬೇಡಿ. ಎಷ್ಟು ವಿಮಾನ ಇವೆ ಎಂಬ ಪ್ರಶ್ನೆಗಿಂತ ಈ ವಾರ ಎಷ್ಟು ಹಾರಿದವು ಎಂಬುದು ಒಳ್ಳೆಯ ಪ್ರಶ್ನೆ. ವಿದ್ಯಾರ್ಥಿಗಳೆಷ್ಟು, ಶಿಕ್ಷಕರೆಷ್ಟು, ಕಳೆದ ವರ್ಷ ಸೇರಿದವರು ಇವತ್ತಿಗೆ ಎಷ್ಟು ಗಂಟೆ ಮುಗಿಸಿದ್ದಾರೆ ಎಂದು ಹಾಸ್ಟೆಲಿನ ಹುಡುಗರನ್ನೇ ಕೇಳಿ. ಡಿಜಿಸಿಎ 2025ರ ಅಕ್ಟೋಬರ್‌ನಿಂದ ಫ್ಲೈಯಿಂಗ್ ಸ್ಕೂಲ್‌ಗಳಿಗೆ ದರ್ಜೆ ಕೊಡಲು ಶುರುಮಾಡಿದೆ. ಮೊದಲ ಪಟ್ಟಿಯಲ್ಲಿ ‘ಎ ಪ್ಲಸ್’ ದರ್ಜೆಯಾಗಲಿ ‘ಎ’ ದರ್ಜೆಯಾಗಲಿ ದೇಶದ ಒಂದು ಶಾಲೆಗೂ ಬರಲಿಲ್ಲ. ‘ನಂಬರ್ ಒನ್’ ಎಂದು ಬ್ಯಾನರ್ ಕಟ್ಟಿದವರ ಮುಂದೆ ಈ ಪಟ್ಟಿ ಹಿಡಿದು ನಿಲ್ಲಬಹುದು.

ಹಣವಿಲ್ಲದ ಮನೆಯ ಜಾಣ ಮಕ್ಕಳಿಗೆ ಇನ್ನೊಂದು ದಾರಿ ಇದೆ, ಅದಕ್ಕೆ ನಯಾಪೈಸೆ ಬೇಡ: ವಾಯುಪಡೆ. ಪಿಯುಸಿ ಹಂತದಲ್ಲೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ ಬರೆಯಬಹುದು, 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ. ತರಬೇತಿ ಸರ್ಕಾರದ್ದು. ಯುದ್ಧವಿಮಾನಗಳ ಪೈಲಟ್‌ಗಳು ಹಾಕ್ ಜೆಟ್‌ಗಳಲ್ಲಿ ಪಳಗುವುದು ನಮ್ಮದೇ ಕಲ್ಯಾಣ ಕರ್ನಾಟಕದ ಬೀದರಿನಲ್ಲಿ. ಸ್ಪರ್ಧೆ ಭಾರೀ, ಕಣ್ಣಿನ ನಿಯಮ ನಾಗರಿಕ ವಿಮಾನಯಾನಕ್ಕಿಂತ ಬಿಗಿ. ಆದರೂ ಪಿಯು ಕಾಲೇಜುಗಳಲ್ಲಿ ನೀಟ್, ಸಿಇಟಿಗೆ ಬೆಳಗಾಗುವ ಮುಂಚೆ ಕ್ಲಾಸ್ ಮಾಡುವವರು ಎನ್‌ಡಿಎ ಹೆಸರನ್ನೇ ಎತ್ತದಿರುವುದು ನನಗಂತೂ ಅರ್ಥವಾಗಿಲ್ಲ. ಡ್ರೋನ್ ಪೈಲಟ್ ಎಂಬುದು ಬೇರೆಯೇ ಸರ್ಟಿಫಿಕೇಟು, ಹತ್ತನೇ ತರಗತಿ ಸಾಕು, ಕೆಲವು ದಿನಗಳ ಕೋರ್ಸ್. ಗದ್ದೆಗೆ ಔಷಧ ಹೊಡೆಯುವ ಕೆಲಸಕ್ಕೆ ಸಿರುಗುಪ್ಪ, ಕುರುಗೋಡಿನಲ್ಲಿ ಅದಕ್ಕೆ ಬೇಡಿಕೆ ಇದ್ದೇ ಇದೆ. ಎರಡನ್ನೂ ಒಂದೇ ಎಂದು ಮಾರುವವರ ಬಗ್ಗೆ ಎಚ್ಚರವಿರಲಿ.

ಬಳ್ಳಾರಿಯಲ್ಲೇ ಒಂದು ಫ್ಲೈಯಿಂಗ್ ಸ್ಕೂಲ್ ಬೇಡವೇ ಎಂದು ಸಭೆಗಳಲ್ಲಿ ಕೇಳುತ್ತಾರೆ. ಕಂಟೋನ್ಮೆಂಟ್ ಕಡೆಯ ಹಳೆಯ ಏರೊಡ್ರೋಮ್‌ ಸುತ್ತ ಊರು ಬೆಳೆದಿದೆ. ತೋರಣಗಲ್ಲಿನ ವಿದ್ಯಾನಗರದ ನಿಲ್ದಾಣ ಜಿಂದಾಲ್ ಕಂಪನಿಯದು, ಉಡಾನ್ ಯೋಜನೆಯಡಿ 2017ರಿಂದ ಪ್ರಯಾಣಿಕ ವಿಮಾನ ಕಂಡಿದೆ. ಚಾಗನೂರು–ಸಿರಿವಾರದಲ್ಲಿ ಹೊಸ ನಿಲ್ದಾಣಕ್ಕೆಂದು ರೈತರ ವಿರೋಧದ ನಡುವೆಯೇ ಸುಮಾರು 900 ಎಕರೆ ನೀರಾವರಿ ಭೂಮಿ ವಶಪಡಿಸಿಕೊಂಡು ಹದಿನೈದು ವರ್ಷದ ಮೇಲಾಯಿತು, ಗುತ್ತಿಗೆ ಪಡೆದ ಕಂಪನಿಯಿಂದ ಕೆಲಸವಾಗಲಿಲ್ಲ. ಇದನ್ನೆಲ್ಲ ನೋಡಿದ ಮೇಲೆ, ಮತ್ತೊಂದು ಶಂಕುಸ್ಥಾಪನೆಯ ಕಲ್ಲು ಬೇಡ ಅನ್ನಿಸುತ್ತದೆ. ಪೈಲಟ್ ತಯಾರಾಗಲು ಊರಲ್ಲಿ ರನ್‌ವೇ ಇರಬೇಕೆಂದಿಲ್ಲ.

ಜಿಲ್ಲೆಯಲ್ಲಿ ಗಣಿಯಿಂದ ಬಂದ ಖನಿಜ ಪ್ರತಿಷ್ಠಾನದ ಹಣವಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ಜಿಲ್ಲಾಡಳಿತ ಅದರಲ್ಲಿ ಸಣ್ಣ ಪಾಲು ತೆಗೆದು ಪ್ರತಿವರ್ಷ ಪಿಯು ವಿಜ್ಞಾನದ ಆಸಕ್ತ ಮಕ್ಕಳಿಗೆ ವಿಮ್ಸ್‌ನಲ್ಲಿ ಕಣ್ಣು–ಕಿವಿಯ ಪ್ರಾಥಮಿಕ ತಪಾಸಣೆ ಮಾಡಿಸಲಿ. ಪಾಸಾದವರ ಕ್ಲಾಸ್–2 ಖರ್ಚು ಕೊಡಲಿ. ಡಿಜಿಸಿಎ ವಿಷಯಗಳಿಗೆ ಒಂದು ವರ್ಷದ ಉಚಿತ ತರಗತಿ ನಡೆಸಲಿ. ಅಷ್ಟೂ ವಿಷಯಗಳಲ್ಲಿ 70 ದಾಟಿದ ಬಡ ಮಕ್ಕಳಿಗೆ ಮಾತ್ರ ಹಾರಾಟದ ಶುಲ್ಕ ಭರಿಸಲಿ. ಒಂದು ಕಟ್ಟಡದ ಖರ್ಚಿನಲ್ಲಿ ಹತ್ತಾರು ಮಕ್ಕಳು ಲೈಸೆನ್ಸ್ ಹಿಡಿದು ಬರುತ್ತಾರೆ.

ಅದಾಗುವವರೆಗೆ ಕಾಯದ ತಂದೆತಾಯಿಗಳಿಗೆ ಹೇಳುವುದಿಷ್ಟು. ಮಗನನ್ನೋ ಮಗಳನ್ನೋ ಕರೆದುಕೊಂಡು ಮೊದಲು ಕ್ಲಾಸ್–2 ಮಾಡಿಸಿ, ಅದಕ್ಕೆ ಕೆಲವು ಸಾವಿರ ಖರ್ಚು. ಮನೆಯಲ್ಲೇ ಓದಿ ನ್ಯಾವಿಗೇಷನ್, ಹವಾಮಾನ, ನಿಯಮ ಈ ಮೂರನ್ನು ಪಾಸು ಮಾಡಲಿ. ಅದಕ್ಕೂ ಕೆಲವು ಸಾವಿರವೇ. ಡಿಜಿಸಿಎ ವೆಬ್‌ಸೈಟಿನ ಮಾನ್ಯತಾ ಪಟ್ಟಿಯಲ್ಲಿ ಹೆಸರಿಲ್ಲದ ಸಂಸ್ಥೆಗೆ ಒಂದು ರೂಪಾಯಿ ಕೊಡಬೇಡಿ. ಹೆಸರಿದ್ದರೂ ಪೂರ್ತಿ ಹಣ ಒಮ್ಮೆಗೇ ಕಟ್ಟಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತು ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಗದ್ದೆಯ ಪಹಣಿ ಹೊರತೆಗೆಯುವ ಮಾತು ಇವೆಲ್ಲ ಆದ ಮೇಲೆ.